ಬ್ರಾಡ್‌ಬ್ಯಾಂಡ್ ಕಂಪೆನಿಗಳೂ ಸಾಯಂಕಾಲದ ನೂಕುನುಗ್ಗಲೂ

ರಾತ್ರಿ ಎಂಟು ಗಂಟೆಯಿಂದ ಹನ್ನೊಂದರ ವರೆಗೆ ಮನೆಯ ಬ್ರಾಡ್‌ಬ್ಯಾಂಡ್ ನಿಧಾನವಾಗುವುದೆಂಬ ದೂರು ನಮ್ಮ ಪಟ್ಟಣಗಳಲ್ಲಿ ಹೊಸದಲ್ಲ. ಬೆಳಿಗ್ಗೆ ಆರು ಗಂಟೆಗೆ ಕಾಲುವೆಯಂತೆ ಹರಿಯುವ ಸಂಪರ್ಕವೇ ರಾತ್ರಿ ಒಂಬತ್ತಕ್ಕೆ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ನೋಡುತ್ತಿದ್ದ ಚಿತ್ರವು ನಡುವೆ ನಿಲ್ಲುತ್ತದೆ. ಪರದೇಶದಲ್ಲಿರುವ ಮಗನ ಮಾತು ಅರ್ಧಕ್ಕೆ ತುಂಡಾಗುತ್ತದೆ. ಕಂಪೆನಿಯವರಿಗೆ ಫೋನು ಮಾಡಿದರೆ, ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಚ್ಚಿರೆಂದು ಬಹು ವಿನಯದಿಂದ ಹೇಳುತ್ತಾರೆ. ನಾವೂ ಆರಿಸಿ ಹಚ್ಚಿದ್ದೇವೆ. ಹಲವು ರಾತ್ರಿ ಹೀಗೆ ಮಾಡಿದ ತರುವಾಯ, ದೋಷವಿರುವುದು ಪೆಟ್ಟಿಗೆಯಲ್ಲಲ್ಲ, ಗಡಿಯಾರದಲ್ಲಿ ಎಂಬ ನಿಶ್ಚಯಕ್ಕೆ ಬಂದಿದ್ದೇವೆ. ಊರೆಲ್ಲವೂ ಏಕಕಾಲಕ್ಕೆ ಬಾವಿಗೆ ಬಿಂದಿಗೆ ಇಳಿಸುವ ಹೊತ್ತು ಅದು.

ಕಂಪೆನಿಯವರಿಗೆ ಅನ್ಯಾಯವಾಗದಂತೆ ಮೊದಲು ಒಂದು ಮಾತನ್ನು ಹೇಳಿಬಿಡುತ್ತೇವೆ. ಅಂತರಜಾಲದ ಸಂಪರ್ಕವೆಂಬುದು ಪ್ರತಿಯೊಬ್ಬ ಚಂದಾದಾರನಿಗೂ ಬೇರೆಬೇರೆಯಾಗಿ ಹಾಕಿಸಿಕೊಟ್ಟ ರಸ್ತೆಯಲ್ಲ. ಅದು ಎಲ್ಲರೂ ಹಂಚಿಕೊಂಡು ಬಳಸತಕ್ಕ ದಾರಿ. ಎಲ್ಲರಿಗೂ ಎಲ್ಲ ಹೊತ್ತಿನಲ್ಲಿಯೂ ಪೂರ್ಣವೇಗ ದೊರೆಯುವಷ್ಟು ತಂತಿಯನ್ನು ಹಾಕಬೇಕೆಂದರೆ ತಿಂಗಳ ಶುಲ್ಕವು ಸಾಮಾನ್ಯ ಗೃಹಸ್ಥನ ಕೈಗೆ ಎಟುಕದಷ್ಟು ಏರುವುದು. ಆದುದರಿಂದ ಹಂಚಿಕೆಯು ತಪ್ಪಲ್ಲ. ಅದಿಲ್ಲದಿದ್ದರೆ ಬಡವರ ಮನೆಗೆ ಬ್ರಾಡ್‌ಬ್ಯಾಂಡೇ ಬರುತ್ತಿರಲಿಲ್ಲ. ನಮ್ಮ ಪ್ರಶ್ನೆಯಿರುವುದು ಹಂಚುವ ರೀತಿಯನ್ನು ಕುರಿತು.

ಹಳೆಯ ಮೈಸೂರು ಸೀಮೆಯ ಕೆರೆಗಳಲ್ಲಿ ನೀರುಗಂಟಿಯೆಂಬವನಿದ್ದನು. ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬ ಸರದಿಯನ್ನು ನಡೆಯಿಸುವವನೂ ಅವನೇ. ನೀರು ಕಡಮೆಯಾದ ವರ್ಷ ಸರದಿಯು ಬಿಗಿಯಾಗುತ್ತಿತ್ತು, ಜಗಳಗಳೂ ಆಗುತ್ತಿದ್ದವು. ಆದರೆ ಕೆರೆಯಲ್ಲಿ ನೀರು ಎಷ್ಟಿದೆಯೆಂಬುದು ಏರಿಯ ಮೇಲೆ ನಿಂತ ಹುಡುಗನಿಗೂ ಕಾಣುತ್ತಿತ್ತು. ಸರದಿಯು ಊರಿಗೆಲ್ಲ ತಿಳಿದಿರುತ್ತಿತ್ತು. ಈಗಿನ ಬ್ರಾಡ್‌ಬ್ಯಾಂಡ್ ಕಂಪೆನಿಯೂ ಒಬ್ಬ ನೀರುಗಂಟಿಯೇ ಸರಿ. ವ್ಯತ್ಯಾಸವಿಷ್ಟೆ: ಇವನ ಕೆರೆಯು ಗೋಡೆಯೊಳಗಿದೆ, ತೂಬು ಯಾರಿಗೂ ಕಾಣುವುದಿಲ್ಲ.

ಕೆರೆಯ ಅಳತೆಯನ್ನು ನಾವೇ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಈಗ ಮನೆಗಳಿಗೆ ಬರುತ್ತಿರುವ ಗಾಜಿನ ಎಳೆಯ ಸಂಪರ್ಕದಲ್ಲಿ ಬಹಳವಾಗಿ ಬಳಕೆಯಲ್ಲಿರುವುದು ಜಿಪಾನ್ ಎಂಬ ಪದ್ಧತಿ. ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಕವಲೊಡೆಸುತ್ತಾರೆ. ಆ ಎಳೆಯಲ್ಲಿ ಮನೆಗಳ ಕಡೆಗೆ ಹರಿಯಬಲ್ಲದ್ದು ಸೆಕೆಂಡಿಗೆ ಸುಮಾರು 2,500 ಮೆಗಾಬಿಟ್. ಅರವತ್ತನಾಲ್ಕು ಮನೆಗಳಿಗೂ 100 ಮೆಗಾಬಿಟ್ಟಿನ ಸಂಪರ್ಕವನ್ನು ಮಾರಿದ್ದರೆ ಮಾರಿದ ಮೊತ್ತ 6,400, ಇರುವುದು 2,500. ಇದನ್ನು ಕೇಳಿದೊಡನೆ ಮೋಸವೆಂದು ಕೂಗುವವರುಂಟು. ಅದು ಸರಿಯಲ್ಲ. ಒಳ್ಳೆಯ ಸ್ಪಷ್ಟತೆಯ ಚಲನಚಿತ್ರವನ್ನು ಮನೆಯಲ್ಲಿ ನೋಡುವುದಕ್ಕೆ ಸುಮಾರು 5 ಮೆಗಾಬಿಟ್ ಸಾಕು. ಅರವತ್ತನಾಲ್ಕು ಮನೆಯವರೂ ಒಟ್ಟಿಗೆ ಕುಳಿತು ನೋಡಿದರೂ 320ಕ್ಕೆ ಮುಗಿಯಿತು. ಹಾಗಾದರೆ ರಾತ್ರಿ ಒಂಬತ್ತಕ್ಕೆ ಚಿತ್ರವು ನಿಲ್ಲುವುದೇಕೆ? ನಮ್ಮ ಬೀದಿಯ ಎಳೆ ಸಣ್ಣದೆಂದಲ್ಲ. ಅಲ್ಲಿಂದ ಆಚೆಗೆ, ಬಡಾವಣೆಯ ಕೇಂದ್ರದಿಂದ ಕಂಪೆನಿಯ ಮುಖ್ಯದ್ವಾರಕ್ಕೆ, ದ್ವಾರದಿಂದ ಹೊರಜಗತ್ತಿಗೆ ಹೋಗುವ ದೊಡ್ಡ ಕಾಲುವೆಗಳನ್ನು ಕಂಪೆನಿಯು ಬೇಕಾದಷ್ಟು ಕೊಂಡಿಲ್ಲವೆಂದು ಅನೇಕ ವೇಳೆ ಅರ್ಥ. ಮನೆಯೊಳಗಿನ ವೈಫೈಯ ಕುಂದೂ ಕೆಲವು ಕಡೆ ಇರಬಹುದು; ಆದರೆ ಎಲ್ಲ ದೋಷವನ್ನೂ ವೈಫೈಯ ಮೇಲೆಯೇ ಹೊರಿಸಲಾಗದು.

ನಿಯಮಗಳೇ ಇಲ್ಲವೆಂದಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2006ರಲ್ಲಿಯೇ, ಬಡಾವಣೆಯ ಕೇಂದ್ರದಿಂದ ದ್ವಾರಕ್ಕೆ ಹೋಗುವ ಕಾಲುವೆಯು ಅತಿ ದಟ್ಟಣೆಯ ಹೊತ್ತಿನಲ್ಲಿಯೂ ಶೇಕಡಾ 80ಕ್ಕಿಂತ ಹೆಚ್ಚು ತುಂಬಿರಬಾರದೆಂದು ಮಟ್ಟವನ್ನು ಗೊತ್ತುಮಾಡಿತು. 2009ರಲ್ಲಿ ಗೃಹಬಳಕೆಯ ಸಂಪರ್ಕಗಳಲ್ಲಿ ಒಂದರ ಪಾಲನ್ನು ಐವತ್ತಕ್ಕಿಂತ ಹೆಚ್ಚು ಮಂದಿಗೆ ಹಂಚಬಾರದೆಂದು ಮಾರ್ಗಸೂಚಿಯನ್ನು ಕೊಟ್ಟಿತು. ಆ ಕಾಲಕ್ಕೆ ಅದು ಯುಕ್ತವಾಗಿಯೇ ಇದ್ದಿತು. ಒಬ್ಬನು ಪತ್ರ ತೆರೆದು ಓದುತ್ತಿರುವಾಗ ಮಿಕ್ಕ ನಲವತ್ತೊಂಬತ್ತು ಮಂದಿಗೆ ದಾರಿ ತೆರವಾಗಿರುತ್ತಿತ್ತು. ಚಲನಚಿತ್ರದ ಕಾಲಕ್ಕೆ ಈ ಲೆಕ್ಕವು ಹೊಂದುವುದಿಲ್ಲ. ನೂರು ಮೆಗಾಬಿಟ್ಟನ್ನು ಐವತ್ತು ಮನೆಗೆ ಹಂಚಿದರೆ ಮನೆಗೆ ಎರಡು ಮೆಗಾಬಿಟ್. ಚಿತ್ರಕ್ಕೆ ಬೇಕಾದುದು ಐದು. ಓದುವವನು ಬಿಟ್ಟುಬಿಟ್ಟು ಓದುತ್ತಾನೆ, ಚಿತ್ರ ನೋಡುವವನು ಎರಡು ಗಂಟೆ ಬಿಡದೆ ನೋಡುತ್ತಾನೆ, ಅದೂ ಊರೆಲ್ಲ ನೋಡುವ ಹೊತ್ತಿನಲ್ಲಿಯೇ.

ಇಂತಹ ದಟ್ಟಣೆಯನ್ನು ನಿವಾರಿಸುವುದಕ್ಕೆ ಕಾಲುವೆಯನ್ನು ಅಗಲ ಮಾಡುವುದು ಒಂದು ದಾರಿ. ಜನರನ್ನು ಬೇರೆ ಹೊತ್ತಿಗೆ ತಿರುಗಿಸುವುದು ಇನ್ನೊಂದು. ಎರಡನೆಯದು ನಮ್ಮ ದೇಶಕ್ಕೆ ಪರಿಚಿತವಾದ ದಾರಿಯೇ. ನಡುವಯಸ್ಸು ದಾಟಿದ ವಾಚಕರಿಗೆ ಎಸ್‌ಟಿಡಿ ಬೂತುಗಳ ಕಾಲದ ಕಾಲುದರವು ಮರೆತಿರಲಾರದು. ರಾತ್ರಿ ಹನ್ನೊಂದರ ಮೇಲೆ ದೂರದ ಊರಿಗೆ ಮಾತನಾಡಿದರೆ ಹಗಲಿನ ದರದ ಕಾಲುಭಾಗ. ಅದಕ್ಕಾಗಿ ಸಂಸಾರಸಮೇತರಾಗಿ ಬೂತಿನ ಮುಂದೆ ಸಾಲು ನಿಂತು, ಗಡಿಯಾರದ ಮುಳ್ಳನ್ನು ನೋಡುತ್ತ, ಒಳಗಿದ್ದವನು ಬೇಗ ಮುಗಿಸಲೆಂದು ಕೆಮ್ಮುತ್ತಿದ್ದುದುಂಟು. ತಂತಿಯು ಹಗಲಿನಲ್ಲಿ ತುಂಬಿ ರಾತ್ರಿ ಬರಿದಾಗಿರುತ್ತಿತ್ತು. ಬರಿದಾದ ತಂತಿಯನ್ನು ಸರ್ಕಾರವು ಅಗ್ಗಕ್ಕೆ ಮಾರಿತು. ಬಡವನಿಗೆ ಮಾತು ದಕ್ಕಿತು. ಯಾರಿಗೂ ನಷ್ಟವಾಗಲಿಲ್ಲ.

ಅದೇ ವಿವೇಕವನ್ನು ಬಿಎಸ್‌ಎನ್‌ಎಲ್ ಸಂಸ್ಥೆಯು 2005ರಲ್ಲಿ ಬ್ರಾಡ್‌ಬ್ಯಾಂಡನ್ನು ಪ್ರಾರಂಭಿಸಿದ ತರುವಾಯದ ವರ್ಷಗಳಲ್ಲಿ ತೋರಿತು. ಹಗಲಿನಲ್ಲಿ ಕೆಲವೇ ಗಿಗಾಬೈಟುಗಳ ಮಿತಿಯಿದ್ದ ಅದರ ಗೃಹಯೋಜನೆಗಳಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರ ವರೆಗಿನ ಬಳಕೆಗೆ ಲೆಕ್ಕವಿರಲಿಲ್ಲ. ಎರಡು ಗಂಟೆಗೆ ಎಚ್ಚರಿಕೆಯ ಗಂಟೆ ಇಟ್ಟುಕೊಂಡು ಎದ್ದು, ಬೇಕಾದುದನ್ನು ಇಳಿಸುವುದಕ್ಕೆ ಹಚ್ಚಿ ಮತ್ತೆ ಮಲಗಿದ ವಿದ್ಯಾರ್ಥಿಗಳು ಈಗ ಮನೆಮಠ ಮಾಡಿಕೊಂಡು ನಮ್ಮ ಪತ್ರದ ವಾಚಕರಾಗಿರಬಹುದು. ಮುಂದೆ ಮೊಬೈಲಿನಲ್ಲಿಯೂ ಜಿಯೋ 2016ರಲ್ಲಿ ರಾತ್ರಿ ಎರಡರಿಂದ ಐದರ ವರೆಗೆ, ವೊಡಾಫೋನ್ ಐಡಿಯಾ 2021ರಲ್ಲಿ ಹನ್ನೆರಡರಿಂದ ಆರರ ವರೆಗೆ ಇಂತಹ ಸೌಲಭ್ಯವನ್ನು ಪ್ರಕಟಿಸಿದುವು. ಮನೆಯ ಗಾಜಿನ ಎಳೆಯ ಸಂಪರ್ಕದಲ್ಲಿ ಮಾತ್ರ ಬೇರೊಂದು ಪದ್ಧತಿಯು ಬೇರೂರಿತು. ಯೋಜನೆಗೆ ಅನ್‌ಲಿಮಿಟೆಡ್ ಎಂದು ಹೆಸರು. ಕೆಳಗೆ ಇರುವೆಯ ಕಾಲಿನಂತಹ ಅಕ್ಷರದಲ್ಲಿ, ತಿಂಗಳಿಗೆ 3,300 ಗಿಗಾಬೈಟ್ ಆದ ಮೇಲೆ ವೇಗವನ್ನು ಇಳಿಸಲಾಗುವುದೆಂಬ ಷರತ್ತು. ಮಿತಿಯಿರುವುದಕ್ಕೆ ಮಿತಿಯಿಲ್ಲದ್ದೆಂಬ ಹೆಸರನ್ನಿಟ್ಟು ಮಾರುವುದು ಯಾವ ವ್ಯಾಕರಣಕ್ಕೆ ಸಮ್ಮತವೋ ನಾವರಿಯೆವು.

ಹೆಸರಿನ ಮಾತು ಹಾಗಿರಲಿ. ಸಾಮಾನ್ಯ ಗೃಹಸ್ಥನು 3,300 ಗಿಗಾಬೈಟನ್ನು ಮುಟ್ಟುವುದು ವಿರಳವೆಂಬುದನ್ನೂ ಒಪ್ಪುತ್ತೇವೆ. ತಿಂಗಳ ಮಿತಿಯಿಂದ ಸಾಯಂಕಾಲದ ನೂಕುನುಗ್ಗಲಿಗೆ ಏನು ಉಪಕಾರವಾಯಿತೆಂಬುದೇ ನಮ್ಮ ಮುಖ್ಯವಾದ ಪ್ರಶ್ನೆ. ಕಾಲುವೆಯ ವೆಚ್ಚವನ್ನು ನಿರ್ಣಯಿಸುವುದು ದಿನದಲ್ಲಿ ಅತ್ಯಂತ ದಟ್ಟಣೆಯ ಆ ಎರಡು ಮೂರು ಗಂಟೆಗಳ ಬಳಕೆ. ರಾತ್ರಿ ಮೂರಕ್ಕೆ ಇಳಿಸಿದ ಒಂದು ಗಿಗಾಬೈಟಿಗೆ ಕಂಪೆನಿಗೆ ತಗಲುವ ಹೊಸ ಖರ್ಚು ಇಲ್ಲವೆನ್ನುವಷ್ಟು ಅಲ್ಪ. ರಾತ್ರಿ ಒಂಬತ್ತಕ್ಕೆ ಇಳಿಸಿದ ಗಿಗಾಬೈಟೇ ಹೊಸ ಕಾಲುವೆಯನ್ನು ಕೊಳ್ಳುವಂತೆ ಮಾಡುವುದು. ತಿಂಗಳ ಮಿತಿಯು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಸಭ್ಯನಾಗಿ ನಡುರಾತ್ರಿಯಲ್ಲಿ ಇಳಿಸಿಕೊಂಡವನಿಗೂ, ಊರಿನ ಜೊತೆಗೇ ನುಗ್ಗಿದವನಿಗೂ ಅದರಲ್ಲಿ ಭೇದವಿಲ್ಲ. ಮಿತಿಯನ್ನು ದಾಟಿದವನ ವೇಗವನ್ನು ದಾರಿಯು ಬರಿದಾಗಿರುವ ಬೆಳಗಿನ ಜಾವದಲ್ಲಿಯೂ ಕಟ್ಟಿಹಾಕಿದರೆ ಯಾರಿಗೆ ಲಾಭ? 2016ರ ಅಕ್ಟೋಬರಿನಲ್ಲಿ ಟ್ರಾಯ್, ಮಿತಿ ಮೀರಿದ ತರುವಾಯವೂ ತಂತಿಯ ಬ್ರಾಡ್‌ಬ್ಯಾಂಡಿನ ವೇಗವನ್ನು 512 ಕಿಲೋಬಿಟ್ಟಿಗಿಂತ ಕೆಳಕ್ಕೆ ಇಳಿಸಬಾರದೆಂದು ಆಜ್ಞೆ ಮಾಡಿತು. ಗ್ರಾಹಕನು ಪೂರ್ತಿ ಮುಳುಗದಂತೆ ಅದು ತಡೆಯಿತೇ ಹೊರತು, ಹೊತ್ತಿನ ವಿಚಾರವನ್ನು ಮುಟ್ಟಲಿಲ್ಲ.

ದೊಡ್ಡ ವ್ಯಾಪಾರಗಾರರು ತಮ್ಮ ತಮ್ಮೊಳಗೆ ಹೊತ್ತಿನ ಬೆಲೆಯನ್ನು ಚೆನ್ನಾಗಿಯೇ ಅರಿತಿದ್ದಾರೆಂಬುದು ಇಲ್ಲಿ ಗಮನಾರ್ಹ. ನೆಟ್‌ಫ್ಲಿಕ್ಸ್ ಕಂಪೆನಿಯು ತನ್ನ ಚಿತ್ರಗಳನ್ನು ತುಂಬಿದ ಪೆಟ್ಟಿಗೆಗಳನ್ನು ಬ್ರಾಡ್‌ಬ್ಯಾಂಡ್ ಕಂಪೆನಿಗಳ ಕೇಂದ್ರಗಳಲ್ಲಿಯೇ ಇರಿಸುತ್ತದೆ. ಹೊಸ ಚಿತ್ರಗಳನ್ನು ಆ ಪೆಟ್ಟಿಗೆಗಳಿಗೆ ತುಂಬುವುದು ದಾರಿ ತೆರವಾಗಿರುವ ಹೊತ್ತಿನಲ್ಲಿ. ಹಗೇವನ್ನು ಸುಗ್ಗಿಯಲ್ಲಿ ತುಂಬಿಟ್ಟಂತೆ ಇದು. ಜನರು ಕೇಳುವ ಹೊತ್ತಿಗೆ ಧಾನ್ಯವು ಊರಿನಲ್ಲಿಯೇ ಇರುತ್ತದೆ. ತಮಗೆ ಇಷ್ಟು ಲಾಭವನ್ನು ತಂದ ಈ ಜಾಣತನದಲ್ಲಿ ಕಂಪೆನಿಗಳು ಚಂದಾದಾರನಿಗೂ ಒಂದು ಪಾಲನ್ನು ಏಕೆ ಕೊಡಬಾರದು?

ದಟ್ಟಣೆಯನ್ನು ಗುಟ್ಟಾಗಿ ನಿವಾರಿಸಹೋದರೆ ಏನಾಗುವುದೆಂಬುದಕ್ಕೆ ಅಮೆರಿಕೆಯ ನಿದರ್ಶನವಿದೆ. ಅಲ್ಲಿಯ ಕಾಮ್‌ಕಾಸ್ಟ್ ಕಂಪೆನಿಯು ಬಿಟ್‌ಟೊರೆಂಟ್ ಎಂಬ ವಿಧಾನದಿಂದ ಕಡತಗಳನ್ನು ಹಂಚಿಕೊಳ್ಳುತ್ತಿದ್ದ ಚಂದಾದಾರರ ಸಂಪರ್ಕಗಳನ್ನು ಅವರಿಗೆ ತಿಳಿಸದೆಯೇ ಮುರಿಯುತ್ತಿದ್ದಿತು. 2007ರಲ್ಲಿ ಇದು ಬಯಲಾಯಿತು. 2008ರಲ್ಲಿ ಅಲ್ಲಿಯ ಸಂಪರ್ಕ ಆಯೋಗವು ಕಂಪೆನಿಯನ್ನು ತಪ್ಪಿತಸ್ಥನೆಂದಿತು. ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು 2010ರಲ್ಲಿ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿದುದೇನೋ ನಿಜ. ಆದರೆ ಅಷ್ಟರೊಳಗೆ ಕಂಪೆನಿಯೇ ಆ ರೀತಿಯನ್ನು ಬಿಟ್ಟು, ಯಾರು ಏನನ್ನು ಬಳಸುತ್ತಿದ್ದಾರೆಂದು ನೋಡದೆ ದಟ್ಟಣೆಯ ಹೊತ್ತಿನಲ್ಲಿ ಅತಿಯಾಗಿ ಬಳಸುವವರನ್ನು ಮಾತ್ರ ಸ್ವಲ್ಪ ಹಿಂದಕ್ಕೆ ಸರಿಸುವ ಪದ್ಧತಿಗೆ ಬಂದು, ಅದನ್ನು ಪ್ರಕಟಿಸಿತು.

ಬಹಿರಂಗವಾಗಿ ಕೇಳಿದರೆ ಜನರು ಸಹಕರಿಸುವರೆಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. 2020ರ ಮಾರ್ಚಿಯಲ್ಲಿ ಕೊರೋನಾ ನಿಮಿತ್ತ ದೇಶವೆಲ್ಲವೂ ಬಾಗಿಲು ಹಾಕಿಕೊಂಡಾಗ, ಚಿತ್ರಗಳನ್ನು ಒದಗಿಸುವ ಕಂಪೆನಿಗಳು ಕೂಡಿ ಮೊಬೈಲುಗಳಲ್ಲಿ ಚಿತ್ರದ ಸ್ಪಷ್ಟತೆಯನ್ನು ಏಪ್ರಿಲ್ 14ರ ವರೆಗೆ 480ರ ಮಟ್ಟಕ್ಕೆ ಇಳಿಸುವುದಾಗಿ ಸಾರಿದುವು. ಕಾರಣವೂ ತಿಳಿದಿದ್ದಿತು, ಅವಧಿಯೂ ತಿಳಿದಿದ್ದಿತು. ಆದುದರಿಂದ ಜನರು ಗೊಣಗದೆ ಮಸುಕಾದ ಚಿತ್ರವನ್ನೇ ನೋಡಿದರು.

ಕಾನೂನಿನ ಅಡ್ಡಿಯೂ ನಮಗೆ ಕಾಣದು. 2016ರ ಫೆಬ್ರವರಿ 8ರ ಟ್ರಾಯ್ ನಿಬಂಧನೆಯು ನಿಷೇಧಿಸಿದುದು, ಒಳಗೆ ಹರಿಯುವ ವಿಷಯವನ್ನು ನೋಡಿ ದರದಲ್ಲಿ ಭೇದ ಮಾಡುವುದನ್ನು. ಗಡಿಯಾರವನ್ನು ನೋಡಿ ಎಲ್ಲರಿಗೂ ಸಮವಾಗಿ ದರವನ್ನು ಇಳಿಸುವುದು ಬೇರೆ ಮಾತು. ವಿದ್ಯುಚ್ಛಕ್ತಿಯಲ್ಲಿ ಕೇಂದ್ರಸರ್ಕಾರದವರು 2023ರ ಜೂನಿನಲ್ಲಿ ತಿದ್ದಿದ ನಿಯಮಗಳಲ್ಲಿ ಇದನ್ನೇ ವಿಧಿಸಿದ್ದಾರೆ: ಬಿಸಿಲಿನ ಹೊತ್ತಿನ ದರವು ಸಾಮಾನ್ಯದರಕ್ಕಿಂತ ಕನಿಷ್ಠ ಶೇಕಡಾ 20 ಕಡಮೆಯಿರಬೇಕು, ದಟ್ಟಣೆಯ ಹೊತ್ತಿನದು ಹೆಚ್ಚಿರಬೇಕು.

ಆದರೆ ವಿದ್ಯುಚ್ಛಕ್ತಿಯ ಮಾತು ಬಂದಾಗ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ನಮ್ಮ ನಾಡಿನ ರೈತರು ಪಂಪುಸೆಟ್ಟಿನ ಮೂರು ಫೇಸಿನ ವಿದ್ಯುತ್ತಿಗಾಗಿ ಎಷ್ಟು ರಾತ್ರಿಗಳನ್ನು ಕತ್ತಲೆಯ ಗದ್ದೆಯಲ್ಲಿ, ಹಾವುಹುಳುಗಳ ನಡುವೆ ಕಳೆದಿದ್ದಾರೆಂಬುದು ಸರ್ಕಾರದ ಅಧಿಕಾರಿಗಳಿಗೆ ತಿಳಿಯದ ಸಂಗತಿಯಲ್ಲ. ಅಲ್ಲಿ ದಟ್ಟಣೆಯಿಲ್ಲದ ಹೊತ್ತೆಂಬುದು ರಿಯಾಯಿತಿಯಾಗಿರಲಿಲ್ಲ, ದುರ್ಬಲನ ಪಾಲಿಗೆ ಬಂದ ಸರದಿಯಾಗಿತ್ತು. ಬ್ರಾಡ್‌ಬ್ಯಾಂಡಿನಲ್ಲಿಯೂ ಹಾಗಾಗಬಾರದು. ಪರೀಕ್ಷೆಗೆ ಓದುವ ಬಡ ಹುಡುಗಿಯು ಪಾಠವನ್ನು ನೋಡುವುದಕ್ಕೆ ರಾತ್ರಿ ಎರಡು ಗಂಟೆಗೆ ಏಳಬೇಕಾದರೆ ಅಂತಹ ಪ್ರೋತ್ಸಾಹವು ಬೇಡವೇ ಬೇಡ. ಸಾಯಂಕಾಲದ ದರವನ್ನು ಏರಿಸತಕ್ಕದ್ದಲ್ಲ. ಸಾಯಂಕಾಲಕ್ಕೆಂದು ಮಾರಿದ ವೇಗವನ್ನು ಮೊದಲು ಕೊಡಬೇಕು. ಅದರ ಮೇಲೆ ರಾತ್ರಿಯದು ಇನಾಮಾಗಿ ಬರಲಿ.

ಸುದೈವದಿಂದ ಈಗ ನಡುರಾತ್ರಿಯಲ್ಲಿ ಎಚ್ಚರವಾಗಿರಬೇಕಾದವನು ಮನುಷ್ಯನಲ್ಲ, ಯಂತ್ರ. ಫೋನು ತನ್ನ ಚಿತ್ರಗಳ ಪ್ರತಿಯನ್ನು ದೂರದ ಭಂಡಾರಕ್ಕೆ ಕಳುಹಿಸುವುದು, ಗಣಕಯಂತ್ರವು ತನ್ನ ತಂತ್ರಾಂಶವನ್ನು ಹೊಸದು ಮಾಡಿಕೊಳ್ಳುವುದು, ಮಕ್ಕಳ ಆಟಗಳ ಬೃಹತ್ಕಡತಗಳು ಇಳಿಯುವುದು, ನಾಳಿನ ಪಾಠದ ಚಿತ್ರವು ಮೊದಲೇ ಬಂದು ಕೂತಿರುವುದು, ಇವೆಲ್ಲವನ್ನೂ ಮನೆಯವರು ಮಲಗಿರುವಾಗಲೇ ಮಾಡಿಸಬಹುದು. ಬೇಕಾದುದು ಯಂತ್ರದಲ್ಲಿ ಒಂದು ಹೊತ್ತನ್ನು ಗೊತ್ತುಮಾಡುವುದು, ಮತ್ತು ಹಾಗೆ ಮಾಡಿದವನಿಗೆ ಏನಾದರೂ ಲಾಭವಿರುವುದು. ದಿನದ ಕಡತಗಳನ್ನು ಸಂಜೆ ಏಳೆಂಟು ಗಂಟೆಗೆ ಒಟ್ಟಿಗೆ ಮೇಲಕ್ಕೆ ಕಳುಹಿಸುವ ಕಛೇರಿಗಳೂ ಅಂಗಡಿಗಳೂ ಇದ್ದರೆ, ಆ ಕೆಲಸವನ್ನು ನಡುರಾತ್ರಿಗೆ ಬದಲಾಯಿಸುವುದರಿಂದ ಯಾರ ಕಾರ್ಯವೂ ಕೆಡದು.

ಟ್ರಾಯ್ 2024ರ ಆಗಸ್ಟಿನಲ್ಲಿ ಸೇವೆಯ ಗುಣಮಟ್ಟದ ಹಳೆಯ ನಿಬಂಧನೆಗಳನ್ನು ತೆಗೆದು ಹೊಸವನ್ನು ಹೊರಡಿಸಿದೆ. ಸಂತೋಷ. ಆದರೆ ರಾಜ್ಯಕ್ಕೆಲ್ಲ ಸೇರಿಸಿ ಸರಾಸರಿಯನ್ನು ತೆಗೆದರೆ, ದಾವಣಗೆರೆಯ ಒಂದು ಬಡಾವಣೆಯಲ್ಲಿ ಕಾಲುವೆ ತುಂಬಿ ತುಳುಕುತ್ತಿರುವುದು ಬೆಂಗಳೂರಿನ ಇನ್ನೊಂದು ಬಡಾವಣೆಯ ಸೌಖ್ಯದಲ್ಲಿ ಮುಚ್ಚಿಹೋಗುತ್ತದೆ. ಆದಕಾರಣ ನಾವು ಕೇಳುವುದಿಷ್ಟು. ಪ್ರತಿಯೊಂದು ಕಂಪೆನಿಯೂ ತನ್ನ ಪ್ರತಿಯೊಂದು ಬಡಾವಣಾ ಕೇಂದ್ರದಲ್ಲಿ ರಾತ್ರಿ ಎಂಟರಿಂದ ಹನ್ನೊಂದರ ವರೆಗೆ ಚಂದಾದಾರನಿಗೆ ನಿಜವಾಗಿ ದೊರೆತ ವೇಗವನ್ನು ತಿಂಗಳು ತಿಂಗಳಿಗೆ, ಜಾಹೀರಾತಿನಷ್ಟೇ ದಪ್ಪ ಅಕ್ಷರದಲ್ಲಿ ಪ್ರಕಟಿಸಲಿ. ನಡುರಾತ್ರಿಯಿಂದ ಬೆಳಿಗ್ಗೆ ಆರರ ವರೆಗಿನ ಬಳಕೆಯನ್ನು ತಿಂಗಳ ಮಿತಿಯ ಲೆಕ್ಕದಿಂದ ಬಿಡಲಿ. ಮಿತಿಯಿರುವ ಯೋಜನೆಗೆ ಅನ್‌ಲಿಮಿಟೆಡ್ ಎಂಬ ಹೆಸರನ್ನು ಪ್ರಾಧಿಕಾರವು ತೆಗೆಯಿಸಲಿ. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಮುದುಕಿಯ ತೂಕದ ಕಲ್ಲಿಗೂ ಸರ್ಕಾರದ ಮುದ್ರೆ ಬೇಕೆನ್ನುವ ದೇಶದಲ್ಲಿ, ಸಾವಿರಾರು ಮನೆಗಳಿಂದ ತಿಂಗಳು ತಪ್ಪದೆ ಹಣ ಎಣಿಸುವ ಕಂಪೆನಿಯ ಅಳತೆಗೆ ಇಷ್ಟಾದರೂ ಮುದ್ರೆ ಬೇಡವೇ?

ಮೊನ್ನೆ ನಮ್ಮ ಮನೆಗೆ ಸಂಪರ್ಕ ಕೊಟ್ಟಿರುವ ಕಂಪೆನಿಯ ಪ್ರತಿನಿಧಿಯೊಬ್ಬ ತರುಣನು ಬಂದು, 100ರ ಬದಲು 300 ಮೆಗಾಬಿಟ್ಟಿನ ಯೋಜನೆಗೆ ಸೇರಬೇಕೆಂದು ಬಹಳ ಸೌಜನ್ಯದಿಂದ ಒತ್ತಾಯಿಸಿದನು. ರಾತ್ರಿ ಒಂಬತ್ತಕ್ಕೆ ನಮ್ಮ ಬೀದಿಯಲ್ಲಿ ಎಷ್ಟು ಬರುತ್ತದೆಂದು ಕೇಳಿದೆವು. ಮೇಲಿನವರನ್ನು ವಿಚಾರಿಸಿ ತಿಳಿಸುತ್ತೇನೆಂದು ಹೋದವನು ಇನ್ನೂ ಬಂದಿಲ್ಲ.