ಸುಟ್ಟ ಮೋಟಾರಿನ ಸಾಕ್ಷಿ

2007ರಲ್ಲಿ ನಮಗೆ ಬೇರೆ ಜಿಲ್ಲೆ ಬಂತು, ನದಿ ಬರಲಿಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಬೋರ್‌ವೆಲ್ಲಿನ ಮೋಟಾರ್ ಸುಟ್ಟಿತೆಂದರೆ ಬಿಂದಿಗೆ ಏರುವುದು ಹೆಂಗಸರ ಸೊಂಟಕ್ಕೆ. ಮೋಟಾರ್ ಎತ್ತುತ್ತಾರೆ, ವೈಂಡಿಂಗ್ ಮಾಡಿಸುತ್ತಾರೆ, ಇಳಿಸುತ್ತಾರೆ. ಯಾಕೆ ಸುಟ್ಟಿತೆಂದು ಕೇಳಿದರೆ, "ಹಳೇದಾಗಿತ್ತು ಬಿಡಮ್ಮ." ಹೊಸದು ಸುಟ್ಟರೂ ಅದೇ ಉತ್ತರ!

ಸುಟ್ಟ ಮೋಟಾರ್ ಸುಳ್ಳು ಹೇಳುವುದಿಲ್ಲ. ಬಿಚ್ಚಿದಾಗ ಕೆಲವು ಸುರುಳಿ ಕರಿದಾಗಿ ಉಳಿದವು ನೆಟ್ಟಗಿದ್ದರೆ, ಮೂರರಲ್ಲೊಂದು ಫೇಸ್ ಕೈಕೊಟ್ಟಿರಬೇಕು. ಎಲ್ಲವೂ ಕರಿದಾಗಿ ಬುಷ್ ಸವೆದಿದ್ದರೆ, ನೀರಿಲ್ಲದೆ ಓಡಿರಬಹುದು. ಅದನ್ನು ತಣ್ಣಗಿಡುವುದು ಸುತ್ತಲಿನ ನೀರೇ ತಾನೆ? ಮೊದಲನೆಯದಕ್ಕೆ ಮದ್ದಿದೆ: ಸ್ಟಾರ್ಟರಿಗೆ ಫೇಸ್ ತಪ್ಪಿದರೆ ನಿಲ್ಲಿಸುವ ಸಾಧನ. ಕಾರಣ ಬರೆದುಕೊಡದ ಬಿಲ್ಲಿಗೆ ದುಡ್ಡು ಕೊಡಬಾರದು ಎಂಬುದು ನನ್ನ ಹಟ.

ಆದರೆ ಈ ಪರೀಕ್ಷೆಯಿಂದಲೇ ಎಲ್ಲ ಸರಿಹೋಗುತ್ತದೆ ಎನ್ನುವವರೊಡನೆಯೂ ನನಗೆ ಜಗಳವಿದೆ. "ನೀರಿಲ್ಲದೆ ಓಡಿತು" ಎನ್ನುವಲ್ಲಿಗೆ ಮೋಟಾರಿನ ಸಾಕ್ಷಿ ಮುಗಿಯಿತು. 1000 ಅಡಿ ಕೊರೆದರೂ ನೀರೇಕಿಲ್ಲ, ಕೆರೆಯಲ್ಲಿ ಹೂಳೇಕೆ ತುಂಬಿತು, ತೂಬು ಯಾರು ಮುಚ್ಚಿದರು? ಇದನ್ನು ತಾಮ್ರದ ತಂತಿ ಹೇಳದು. ನಗರಸಭೆಯ ಮುಂದೆ ನಿಂತು ಕೇಳಬೇಕಾದವರು ಬಿಂದಿಗೆ ಹೊತ್ತ ನಾವೇ.