ಮಳೆಗಾಲದ ಕಡಲೂ ‘ಪೈಸಾ ವಸೂಲ್’ ಹಟವೂ

ಮುಂಬೈ ನಮಗೆಲ್ಲ ಅನ್ನ ಕೊಟ್ಟಿದೆ. ಜತೆಗೆ ಒಂದು ಮಾತನ್ನೂ ಕಲಿಸಿದೆ: ‘ಪೈಸಾ ವಸೂಲ್’. ಸಿನಿಮಾ ಚೆನ್ನಾಗಿದ್ದರೆ ಪೈಸಾ ವಸೂಲ್. ಥಾಲಿಯಲ್ಲಿ ಎರಡನೇ ಸಲ ಶ್ರೀಖಂಡ ಬಡಿಸಿದರೆ ಪೈಸಾ ವಸೂಲ್. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲ ಕೊಡುವುದು, ವಸೂಲಿ ಮಾಡುವುದು ಇದರಲ್ಲೇ ಕಳೆದವನು ನಾನು. ಈ ಮಾತಿನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಸಂಸಾರ ಸಮೇತ ಕಡಲತೀರಕ್ಕೆ ರಜೆಗೆ ಹೋಗಿ, ಅಲ್ಲಿ ಮಳೆ ಹಿಡಿದುಕೊಂಡಾಗ, ಈ ಮಾತಿನಷ್ಟು ಅಪಾಯಕಾರಿ ಮಾತು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಮೊದಲು, ‘ಮಳೆಗಾಲದಲ್ಲಿ ಕಡಲತೀರಕ್ಕೆ ಹೋಗೋದೇ ಯಾಕೆ ಸ್ವಾಮಿ?’ ಅನ್ನುವವರಿಗೆ ಉತ್ತರ. ರಜೆ ನಮಗೆ ಬೇಕಾದಾಗ ಸಿಗುತ್ತದೆಯೇ? ಮಾರ್ಚ್, ಏಪ್ರಿಲ್‌ನಲ್ಲಿ ಲೆಕ್ಕದ ಮುಕ್ತಾಯ, ಆಡಿಟ್. ಆಗ ಮ್ಯಾನೇಜರ ಮುಂದೆ ರಜೆ ಅರ್ಜಿ ಹಿಡಿದು ನಿಲ್ಲುವ ಧೈರ್ಯ ಯಾರಿಗೂ ಇಲ್ಲ. ಮೇಲಾಗಿ ರಿಸರ್ವ್ ಬ್ಯಾಂಕಿನ 2021ರ ಒಂದು ಸುತ್ತೋಲೆಯ ಪ್ರಕಾರ, ಸೂಕ್ಷ್ಮ ಹುದ್ದೆಯಲ್ಲಿ ಇರುವವರನ್ನು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ ಒಟ್ಟಿಗೆ ರಜೆಯ ಮೇಲೆ ಕಳಿಸಬೇಕು, ಅದೂ ಮುಂಚೆ ತಿಳಿಸದೆ! ಹೀಗಾಗಿ ರಜೆ ಜುಲೈನಲ್ಲಿ ತಲೆ ಮೇಲೆ ಬಿದ್ದರೆ ಜುಲೈನಲ್ಲೇ ಹೋಗಬೇಕು. ಮಕ್ಕಳ ರಜೆ ನೋಡಿಕೊಂಡು ಮೇ ಕೊನೆಯಲ್ಲಿ ಹೊರಡುವವರಾದರೂ ಪಾರಾದರೇ? 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ಎರಡೇ ದಿನದಲ್ಲಿ ಮುಂಬೈ ತಲುಪಿತು. ಸಾಮಾನ್ಯವಾಗಿ ನಮ್ಮಲ್ಲಿಗೆ ಬರುವುದು ಜೂನ್ 11ರ ಸುಮಾರಿಗೆ. ಆ ವರ್ಷ ಮೇ ಕೊನೆಗೆ ಬುಕಿಂಗ್ ಮಾಡಿಸಿದ್ದವರೆಲ್ಲ ಸಮುದ್ರಕ್ಕಿಂತ ಹೆಚ್ಚು ನೀರನ್ನು ಹೋಟೆಲಿನ ಕಿಟಕಿಯಲ್ಲೇ ನೋಡಿದರು.

ಅಂದಮೇಲೆ ಮಳೆಯಲ್ಲಿ ಸಿಕ್ಕಿಕೊಳ್ಳುವುದು ನಮ್ಮ ಹಣೆಯಲ್ಲಿ ಬರೆದಿದೆ. ಸಿಕ್ಕಿಕೊಂಡ ಮೇಲೆ ಏನು ಮಾಡುತ್ತೇವೆ ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ನಾನು ಹುಟ್ಟಿದ್ದು ಚಿತ್ರದುರ್ಗದ ಕಡೆ. ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ನನ್ನ ಹೆಂಡತಿಯ ತವರು ಕುಂದಾಪುರದ ಹತ್ತಿರ. ಅಲ್ಲಿ ಜುಲೈ ತಿಂಗಳೊಂದರಲ್ಲೇ ಸಾವಿರ ಮಿಲಿಮೀಟರ್ ದಾಟುತ್ತದೆ. ಬಯಲುಸೀಮೆಯ ನಮಗೆ ಮಳೆ ಅಂದರೆ ಬಂದು ಹೋಗುವ ನೆಂಟ. ಅವರಿಗೆ ಅದು ನಾಲ್ಕು ತಿಂಗಳು ಮನೆಯಲ್ಲೇ ಉಳಿಯುವ ಯಜಮಾನ. ಆದ್ದರಿಂದ ಮಳೆಗಾಲದಲ್ಲಿ ಕಡಲಿನ ಜತೆ ಹೇಗೆ ಬದುಕಬೇಕು ಅಂತ ಕೇಳಬೇಕಾದರೆ ಕೇಳಬೇಕಾದ್ದು ಅವರನ್ನೇ.

ಅವರು ಮಾಡುವುದೇನು ಗೊತ್ತೇ? ಕಡಲಿಗೇ ರಜೆ ಕೊಟ್ಟುಬಿಡುತ್ತಾರೆ!

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ ಅನ್ನುವುದು ಒಂದು ಕಾರಣ, ಕಡಲು ಕೆರಳಿರುತ್ತದೆ ಅನ್ನುವುದು ಇನ್ನೊಂದು. ಸಣ್ಣ ನಾಡದೋಣಿಗಳಿಗಷ್ಟೇ ವಿನಾಯಿತಿ. ಹುಟ್ಟಿದಾಗಿನಿಂದ ಕಡಲಿನಲ್ಲೇ ದುಡಿದವರು ದೋಣಿಯನ್ನು ದಡಕ್ಕೆಳೆದು, ಬಲೆ ಹೆಣೆಯುತ್ತ ಕೂರುತ್ತಾರೆ. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಹಾಗಂತ ಕಲೆ ನಿಂತಿತೇ? ಇಲ್ಲ. ಬಯಲಿನ ಆಟ ಚಾವಡಿಯೊಳಗಿನ ತಾಳಮದ್ದಳೆ ಆಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಾಡುವುದು. ಇದೇ ತಿಂಗಳುಗಳಲ್ಲಿ ಊರಿನ ಕಲಾವಿದರು ಮುಂಬೈಗೆ ಬಂದು ನಮ್ಮ ಸಂಘಗಳ ಹಾಲ್‌ಗಳಲ್ಲಿ ಅರ್ಥ ಹೇಳುವುದನ್ನು ನೀವೂ ಕೇಳಿರುತ್ತೀರಿ. ಕೊಂಕಣ ರೈಲ್ವೆ ಕೂಡ ಜೂನ್ ಮಧ್ಯದಿಂದ ಮಳೆಗಾಲದ ವೇಳಾಪಟ್ಟಿಗೆ ಬದಲಾಗುತ್ತದೆ. ಜೋರು ಮಳೆಯಲ್ಲಿ ಮುಂದಿನ ದಾರಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಅಂತ ಚಾಲಕರಿಗೆ ಸೂಚನೆ ಇರುತ್ತದೆ.

ಮೀನುಗಾರರು, ಭಾಗವತರು, ರೈಲಿನವರು ಎಲ್ಲರೂ ಮಳೆಗೆ ತಲೆಬಾಗಿ ತಮ್ಮ ಲಯ ಬದಲಿಸಿಕೊಂಡಿದ್ದಾರೆ. ಬದಲಿಸಿಕೊಳ್ಳದವರು ನಾವು ಮಾತ್ರ. ‘ಇಷ್ಟು ದೂರ ಬಂದು ನೀರಿಗಿಳಿಯದೆ ಹೋಗೋದಾ? ರೂಮಿಗೆ ಇಷ್ಟು ಕೊಟ್ಟಿದ್ದೀವಿ!’ ಇದು ನಮ್ಮ ವಾದ.

ಈ ವಾದ ಎಲ್ಲಿಗೆ ಮುಟ್ಟುತ್ತದೆ ನೋಡಿ. 2023ರ ಜುಲೈನಲ್ಲಿ ನಮ್ಮ ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಬಂಡೆಯ ಮೇಲೆ ಕೂತಿದ್ದ ಗಂಡ ಹೆಂಡತಿಯ ಮೇಲೆ ಅಲೆ ಅಪ್ಪಳಿಸಿತು, ಹೆಂಡತಿ ಕೊಚ್ಚಿಹೋದರು. ಎದುರಿಗೆ ನಿಂತು ವಿಡಿಯೊ ತೆಗೆಯುತ್ತಿದ್ದವರು ಅವರ ಮಕ್ಕಳು. 2024ರ ಜೂನ್ 30ರ ಭಾನುವಾರ ಲೋಣಾವಳದ ಭುಶಿ ಅಣೆಕಟ್ಟೆಯ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರನ್ನು ನೀರು ಎಳೆದುಕೊಂಡು ಹೋಯಿತು. ಅವರಲ್ಲಿ ನಾಲ್ವರು ಮಕ್ಕಳು. ಇವರೆಲ್ಲ ಪುಂಡರಲ್ಲ, ಕುಡಿದವರಲ್ಲ. ನಮ್ಮ ನಿಮ್ಮಂತೆ ಮಕ್ಕಳನ್ನು ಕರೆದುಕೊಂಡು ಒಂದು ದಿನ ಸಂತೋಷವಾಗಿ ಕಳೆಯೋಣ ಅಂತ ಹೊರಟವರು. ಅವರ ಮನಸ್ಸಿನಲ್ಲಿ ಏನಿತ್ತೋ ಹೇಳಲು ನಾನು ಯಾರು? ಆದರೆ ಮಳೆಗಾಲದ ನೀರಿನ ಹತ್ತಿರ ‘ಇನ್ನೊಂದು ಹೆಜ್ಜೆ’ ಅನ್ನುವ ಆಸೆ ನಮ್ಮೆಲ್ಲರಲ್ಲೂ ಇದೆ. ದುಡ್ಡು ಕೊಟ್ಟು ದೂರದಿಂದ ಬಂದಿದ್ದೇವೆ ಅನ್ನುವ ಲೆಕ್ಕ ಆ ಆಸೆಯನ್ನು ಹಿಂದಿನಿಂದ ತಳ್ಳುತ್ತದೆ.

ಬಿ.ಕಾಂ. ಓದಿದವನಾದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. ಮೂರು ದಿನದ ರೂಮಿಗೆ 15,000 ರೂಪಾಯಿ ಕೊಟ್ಟಿದ್ದೀರಿ ಅಂತ ಇಟ್ಟುಕೊಳ್ಳಿ. ವಾಪಸು ಬರುವುದಿಲ್ಲ. ನೀವು ಸಮುದ್ರದಲ್ಲಿ ಆಡಿದರೂ ಅದು ಹೋಯಿತು, ರೂಮಿನಲ್ಲಿ ಕೂತು ಪಗಡೆ ಆಡಿದರೂ ಹೋಯಿತು. ಹೋದ ದುಡ್ಡು ಮುಂದಿನ ತೀರ್ಮಾನಕ್ಕೆ ಆಧಾರವಾಗಬಾರದು ಅನ್ನುವುದು ಕಾಮರ್ಸಿನ ಮೊದಲ ಪಾಠಗಳಲ್ಲಿ ಒಂದು. ಬ್ಯಾಂಕಿನಲ್ಲೂ ಹಾಗೆಯೇ. ಮುಳುಗಿದ ಸಾಲವನ್ನು ಎತ್ತುತ್ತೇನೆ ಅಂತ ಅದೇ ಗಿರಾಕಿಗೆ ಮತ್ತೆ ಸಾಲ ಕೊಟ್ಟವನು ಎರಡನ್ನೂ ಕಳೆದುಕೊಳ್ಳುತ್ತಾನೆ. ರೈಟ್ ಆಫ್ ಮಾಡಬೇಕಾದ್ದನ್ನು ಸಕಾಲಕ್ಕೆ ಮಾಡಿಬಿಟ್ಟರೆ ಉಳಿದ ಆಸ್ತಿಯ ಕಡೆಗೆ ಗಮನ ಕೊಡಬಹುದು. ಮಳೆ ಬಂದಾಗ ಕಡಲನ್ನು ರೈಟ್ ಆಫ್ ಮಾಡಿ. ಉಳಿದ ಆಸ್ತಿ ಯಾವುದು? ಜತೆಗೆ ಬಂದ ಜನ!

ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. 2025ರ ಜುಲೈನಲ್ಲಿ ಹೀಗೇ ದಿಢೀರ್ ರಜೆ ಸಿಕ್ಕಿತು. ಮಗಳು ಪುಣೆಯ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ಲ್ಯಾಪ್‌ಟಾಪ್ ಹಿಡಿದು ಬಂದಳು. ಮಗ ಹನ್ನೆರಡನೇ ಕ್ಲಾಸು ಮುಗಿಸಿ ಅಡ್ಮಿಶನ್ ಲಿಸ್ಟಿಗೆ ಕಾಯುತ್ತಿದ್ದ. ಮತ್ಸ್ಯಗಂಧ ಹತ್ತಿ ಅತ್ತೆಯ ಮನೆಗೆ ಹೋದೆವು. ಆರು ದಿನ ಇದ್ದೆವು, ಆರು ದಿನವೂ ಮಳೆ. ಮೊದಲ ದಿನ ಮಕ್ಕಳ ಮುಖ ನೋಡಲಾಗುತ್ತಿರಲಿಲ್ಲ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ. ಮಗ ಮರವಂತೆಗೆ ಹೋಗಿ ಕಾಲಾದರೂ ನೆನೆಸಿಕೊಂಡು ಬರುತ್ತೇನೆ ಅಂತ ಎದ್ದ. ಅತ್ತೆ ಜಗಲಿಯಿಂದಲೇ, “ಈ ಮಳಿಯಂಗೆ ಕಡಲ್ ಬದಿಗ್ ಎಂತಕೆ ಮಗಾ? ಕಡಲ್ ಎಲ್ಲಿಗೂ ಓಡಿ ಹೋತಿಲ್ಲೆ” ಅಂದರು. ಅಷ್ಟೇ.

ಎರಡನೇ ದಿನ ಅಟ್ಟದಿಂದ ಚೆನ್ನೆಮಣೆ ಇಳಿಯಿತು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಮಳೆಗಾಲದಲ್ಲಿ ಆಡುವ ಆಟವಿದು. ಎಣಿಸದೆ ಕಣ್ಣಂದಾಜಿನಲ್ಲೇ ಆಡುವ 82ರ ಅಮ್ಮಮ್ಮನ ಮುಂದೆ ಕಂಪ್ಯೂಟರ್ ಓದಿದ ಮಗಳು ಸತತ ನಾಲ್ಕು ಆಟ ಸೋತಳು. ಮಧ್ಯಾಹ್ನ ಪತ್ರೊಡೆ, ಸಂಜೆ ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ಬೇಸಗೆಯಲ್ಲೇ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ. ‘ಇದೆಲ್ಲ ಯಾವಾಗ ಮಾಡಿಟ್ಟಿರಿ?’ ಅಂತ ಮಗಳು ಕೇಳಿದ್ದೇ ತಡ, ಮಾತು ಶುರುವಾಯಿತು. ಮಳೆಗಾಲಕ್ಕೆ ಮುಂಚೆ ಮನೆಯಲ್ಲಿ ಏನೇನು ಕೂಡಿಡುತ್ತಿದ್ದರು, ಸೇತುವೆ ಇಲ್ಲದ ಕಾಲದಲ್ಲಿ ಹೊಳೆ ಏರಿದರೆ ಆಚೆ ದಡದ ತವರಿಗೆ ಎಷ್ಟು ದಿನ ಸುದ್ದಿ ಮುಟ್ಟುತ್ತಿರಲಿಲ್ಲ, ಗೊರಬು ಹೊದ್ದು ನೇಜಿ ನೆಡುವಾಗ ಬೆನ್ನು ಹೇಗೆ ನೋಯುತ್ತಿತ್ತು... ನಾಲ್ಕನೇ ದಿನ ನೋಡಿದರೆ ಮಗ ಮೊಬೈಲಿನಲ್ಲಿ ಅವರ ಮಾತನ್ನು ರೆಕಾರ್ಡ್ ಮಾಡುತ್ತಿದ್ದ. ಅರ್ಥವಾಗದ ಶಬ್ದ ಬಂದಾಗ ‘ಅಮ್ಮಮ್ಮ, ಹಾಗಂದ್ರೆ?’ ಅಂತ ನಿಲ್ಲಿಸಿ ಕೇಳುತ್ತಿದ್ದ.

ಇಪ್ಪತ್ತು ವರ್ಷದಲ್ಲಿ ಎಷ್ಟೋ ಸಲ ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿದ್ದೇವೆ. ಬಿಸಿಲಿದ್ದಾಗ ಬೆಳಗ್ಗೆ ಕೊಲ್ಲೂರು, ಮಧ್ಯಾಹ್ನ ಮುರ್ಡೇಶ್ವರ, ಸಂಜೆ ಬೀಚು, ರಾತ್ರಿ ಮದುವೆ ಮನೆ. ಅಮ್ಮಮ್ಮ ಬಾಗಿಲಲ್ಲಿ ನಿಂತು ಕೈಬೀಸುವವರು ಮಾತ್ರ. ಮನೆಯಲ್ಲಿ ಹಿಂದಿ, ಇಂಗ್ಲಿಷ್, ಮರಾಠಿ ಬೆರೆಸಿ ಮಾತಾಡುವ ನಮ್ಮ ಮಕ್ಕಳು ಆರು ದಿನ ಬೇರೆ ದಾರಿಯಿಲ್ಲದೆ ಕನ್ನಡದಲ್ಲಿ, ಅದೂ ಕುಂದಾಪ್ರ ಕನ್ನಡದಲ್ಲಿ ಮುಳುಗಿದರು. ಹೊರನಾಡಿನಲ್ಲಿ ಮಕ್ಕಳ ಕನ್ನಡ ಉಳಿಸುವುದು ಹೇಗೆ ಅಂತ ನಾವು ಎಷ್ಟು ವಿಚಾರಗೋಷ್ಠಿ ಮಾಡುತ್ತೇವೆ! ಒಂದು ಜಗಲಿ, ಒಬ್ಬರು ಅಜ್ಜಿ, ಹೊರಗೆ ಹೋಗಲಾಗದ ಮಳೆ ಈ ಮೂರೂ ಒಟ್ಟಿಗಿದ್ದರೆ ಗೋಷ್ಠಿಯ ಕೆಲಸ ಅರ್ಧ ಮುಗಿದಂತೆ. ಹ್ಞಾಂ, ಬಚ್ಚಲೊಲೆಯ ಮೇಲೆ ಒಣಗಿಸಿದ ಬಟ್ಟೆಯ ಹೊಗೆ ವಾಸನೆ ಮುಂಬೈಗೆ ಬಂದ ಮೇಲೂ ಒಂದು ವಾರ ಇತ್ತು. ಆಫೀಸಿನಲ್ಲಿ ಪಕ್ಕದವರು ಮೂಗು ಹಿಡಿದುಕೊಂಡರು, ಅದು ಬೇರೆ ಮಾತು!

‘ನಿಮಗೆ ಅತ್ತೆ ಮನೆ ಇದೆ ಸ್ವಾಮಿ, ನಮಗೆ ಹೋಟೆಲೇ ಗತಿ’ ಅನ್ನುತ್ತೀರಾ? ನ್ಯಾಯವಾದ ಮಾತು. ಹೋಟೆಲಿನವರಿಗೂ ನನ್ನ ಸಲಹೆ ಅದೇ. ಬ್ಯಾಗಿನಲ್ಲಿ ಒಂದು ಇಸ್ಪೀಟ್ ಕಟ್ಟು, ಎರಡು ಪುಸ್ತಕ ಇರಲಿ. ಸೂರಿನ ಕೆಳಗೆ ನೋಡುವಂಥವೂ ಇವೆ: ಉಡುಪಿಯ ಮಠಗಳು, ಮಣಿಪಾಲದ ಅನಾಟಮಿ ಮ್ಯೂಸಿಯಂ. ಕಡಲನ್ನು ನೋಡಲೇಬೇಕೇ? ನೋಡಿ, ಆದರೆ ದೂರದಿಂದ. ಬಂಡೆಯ ಮೇಲೆ ಬೇಡ, ಅಲೆ ತಲುಪುವ ಮರಳಿನ ಮೇಲೂ ಬೇಡ. ಜೀವರಕ್ಷಕರು ಬೇಡ ಅಂದರೆ ಅವರ ಜತೆ ವಾದ ಮಾಡಬೇಡಿ; ಅವರು ಅಲ್ಲಿ ನಿಂತಿರುವುದೇ ನಮ್ಮ ಮಕ್ಕಳಿಗಾಗಿ. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟ ದಿನ ಕಾರು ತೆಗೆಯಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ಗುಡ್ಡ ಕುಸಿದು ಜೀವಗಳು ಹೋದದ್ದು ನೆನಪಿರಲಿ. ವಾಪಸು ಬರುವ ದಿನಕ್ಕೂ ಡ್ಯೂಟಿಗೆ ಹಾಜರಾಗುವ ದಿನಕ್ಕೂ ನಡುವೆ ಒಂದು ದಿನ ಬಿಡಿ. ರೈಲು ತಡವಾದರೆ ಆಗ ಹೆಂಡತಿ ಮಕ್ಕಳ ಮೇಲೆ ರೇಗುವುದು ತಪ್ಪುತ್ತದೆ.

ಇನ್ನೊಂದು ಮಾತು. ಮಳೆಯನ್ನು ಹೊಗಳಿ ಕವಿತೆ ಬರೆಯಿರಿ ಅಂತಲೂ ನಾನು ಹೇಳುತ್ತಿಲ್ಲ. ನಮಗೆ ಚೆಂದವಾಗಿ ಕಾಣುವ ದೊಡ್ಡ ಅಲೆಗಳೇ ಅಲ್ಲಿನವರ ತೆಂಗಿನ ಮರ, ರಸ್ತೆ, ಮನೆಯ ಅಂಗಳ ಎಲ್ಲವನ್ನೂ ಕೊರೆದುಕೊಂಡು ಹೋಗುತ್ತವೆ. ದುಡಿಮೆಯಿಲ್ಲದ ಆ ಎರಡು ತಿಂಗಳು ಮೀನುಗಾರರ ಮನೆಯಲ್ಲಿ ಕಷ್ಟದ ದಿನಗಳೇ. ಕಡಲ್ಕೊರೆತದ ಎದುರು ನಿಂತು ‘ವಾಹ್’ ಅಂತ ವಿಡಿಯೊ ಮಾಡುವುದು ಇನ್ನೊಬ್ಬರ ನಷ್ಟದಲ್ಲಿ ಪೈಸಾ ವಸೂಲ್ ಮಾಡಿದ ಹಾಗೆ. ಅತಿಥಿಯಾಗಿ ಹೋದವರು ಮನೆಯವರ ಲಯಕ್ಕೆ ಹೊಂದಿಕೊಳ್ಳಬೇಕು. ಅವರು ಒಳಗಿದ್ದಾರೆ ಅಂದರೆ ನಾವೂ ಒಳಗಿರಬೇಕು.

ನಮ್ಮದು ಬೆಳಗ್ಗೆ 7-42ರ ಲೋಕಲ್ ಹಿಡಿದು ರಾತ್ರಿ ಊಟಕ್ಕೆ ಮಾತ್ರ ಸೇರುವ ಸಂಸಾರಗಳು. ಮಕ್ಕಳು ಇನ್ನು ನಾಲ್ಕೈದು ವರ್ಷದಲ್ಲಿ ಬೆಂಗಳೂರೋ, ಅಮೆರಿಕವೋ ಹಾರಿಹೋಗುತ್ತಾರೆ. ಊರಿನ ಹಿರಿಯರಿಗೆ ವಯಸ್ಸಾಗುತ್ತಿದೆ. ಕಡಲನ್ನು ನವೆಂಬರಿನಲ್ಲಿ ಹೋಗಿ ನೋಡಬಹುದು, ಮುಂದಿನ ವರ್ಷ ನೋಡಬಹುದು. ನಾಲ್ಕೂ ಜನ ಒಂದೇ ಸೂರಿನಡಿ, ಎಲ್ಲಿಗೂ ಓಡಬೇಕಾಗಿಲ್ಲದೆ ಕೂರುವ ಆರು ದಿನ ಮತ್ತೆ ಯಾವಾಗ ಸಿಗುತ್ತದೆ? ಆದ್ದರಿಂದ ಈ ಸಲ ನಿಮ್ಮ ರಜೆಗೆ ಮಳೆ ಬಂದರೆ ಆಕಾಶಕ್ಕೆ ಬೈಯುವ ಮುಂಚೆ, ರೂಮಿನ ಬಿಲ್ಲು ಲೆಕ್ಕ ಹಾಕುವ ಮುಂಚೆ, ಒಂದು ಲೋಟ ಬಿಸಿ ಕಾಫಿ ತರಿಸಿಕೊಂಡು ಮಕ್ಕಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಿ. ವಸೂಲಿ ಅಲ್ಲಿಂದ ಶುರುವಾಗಲಿ.

ಏನಂತೀರಿ?