ಸೈಕಲ್ಲಿಗೂ ಒಂದು ರಸೀದಿ

ನಮ್ಮ ಕಟ್ಟಡದ ಕೆಳಗಿನ ಹೋಟೆಲಿನಲ್ಲಿ 28 ವರ್ಷ ದುಡಿದವರೊಬ್ಬರು ಕಳೆದ ಮಳೆಗಾಲಕ್ಕೆ ಮುಂಚೆ ಮುಂಬಯಿ ಬಿಟ್ಟು ಊರಿಗೆ ಹೊರಟರು. ಕುಂದಾಪುರದ ಆಚೆಯವರು. ಕಪ್ಪು-ಬಸಿ ತೊಳೆಯುವುದರಿಂದ ಶುರುಮಾಡಿ ಕೊನೆಗೆ ಗಲ್ಲೆಯಲ್ಲಿ ಕೂತವರು. ನಡುವಿನ ಹತ್ತು ಹನ್ನೆರಡು ವರ್ಷ ಅವರು ಸೈಕಲ್ ಮೇಲೆ ಆಫೀಸುಗಳಿಗೆ ಇಡ್ಲಿ-ಚಾ ಪಾರ್ಸೆಲ್ ಕೊಟ್ಟು ಬರುತ್ತಿದ್ದರು. ಆ ಸೈಕಲ್ ಇನ್ನೂ ಇತ್ತು. ಸೀಟು ಎರಡು ಸಲ, ಟಯರು ಎಷ್ಟೋ ಸಲ ಬದಲಾಗಿತ್ತು, ಫ್ರೇಮು ಮಾತ್ರ ಮೊದಲಿನದೇ. ಗುಜರಿಯವನು ನಾನೂರು ರೂಪಾಯಿ ಹೇಳಿದ್ದ. "ಇದನ್ನ್ ಬಿಟ್ಟಿಕಿ ಹೋಪುಕ್ ಆತ್ತಾ ಮಾರಾಯ್ರೆ?" ಎಂದು ನನ್ನನ್ನು ಕೇಳಿದರು. ರೈಲಿನ ವಿಷಯ ಈ ಅಂಕಣದಲ್ಲಿ ಆಗಾಗ ಬರೆಯುವ ತಪ್ಪಿಗೆ ನನಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ಕಟ್ಟಡದಲ್ಲಿದೆ.

ನನಗೆ ಗೊತ್ತಿದ್ದದ್ದು ಅರ್ಧ. ಉಳಿದರ್ಧ ಪಾರ್ಸೆಲ್ ಆಫೀಸಿನ ಮುಂದೆ ಎರಡೂವರೆ ತಾಸು ನಿಂತು ಕಲಿತೆ. ಊರಿಗೆ ಹೋಗುವಾಗ ಖಾಲಿ ಚೀಲ, ಬರುವಾಗ ತುಂಬಿದ ಗೋಣಿ ಎಂಬುದು ನಮ್ಮವರ ಪದ್ಧತಿಯಾದ್ದರಿಂದ ಎರಡೂ ಅರ್ಧಗಳನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೈಯಲ್ಲಿ ಹಿಡಿದುಕೊಂಡು ಹೋಗುವ ಸಾಮಾನಿನ ಮಾತು. 2025ರ ಆಗಸ್ಟಿನಲ್ಲಿ ಎಲ್ಲರ ಫೋನಿಗೂ ಒಂದು ಸುದ್ದಿ ಬಂತು: ಇನ್ನು ಮುಂದೆ ರೈಲಿನಲ್ಲೂ ವಿಮಾನದ ಹಾಗೆ ಲಗೇಜು ತೂಗುತ್ತಾರೆ, ಹೆಚ್ಚಿದ್ದರೆ ದಂಡ. ಮಾಟುಂಗದ ಒಂದು ಮದುವೆ ಮನೆಯಲ್ಲಿ ಅಂದು ಬೇರೆ ಮಾತೇ ಇರಲಿಲ್ಲ. ಇದು ಹೊಸ ನಿಯಮವಲ್ಲ, ಹಿಂದಿನಿಂದಲೂ ಇರುವುದೇ ಎಂದು ರೈಲ್ವೆ ಮಂತ್ರಿಗಳೇ ಹೇಳಬೇಕಾಯಿತು. ಅದು ನಿಜ. ಎ.ಸಿ. ಫಸ್ಟ್ ಕ್ಲಾಸಿಗೆ 70 ಕಿಲೋ, ಎ.ಸಿ. ಟೂ ಟಯರಿಗೆ 50, ಎ.ಸಿ. ತ್ರೀ ಟಯರಿಗೂ ಸ್ಲೀಪರಿಗೂ 40, ಸೆಕೆಂಡ್ ಕ್ಲಾಸಿಗೆ 35 ಕಿಲೋ ಉಚಿತ. ಐದರಿಂದ ಹನ್ನೆರಡು ವರ್ಷದ ಮಗುವಿಗೆ ಇದರ ಅರ್ಧ. ಪೆಟ್ಟಿಗೆಯ ಅಳತೆ 100 ಸೆಂಟಿಮೀಟರ್ ಉದ್ದ, 60 ಅಗಲ, 25 ಎತ್ತರ ಮೀರಬಾರದು. ಅದಕ್ಕಿಂತ ದೊಡ್ಡದಾದರೆ ಬ್ರೇಕ್ ವ್ಯಾನಿಗೆ ಹಾಕಬೇಕು.

ಹೆಚ್ಚಿನ ತೂಕವನ್ನು ಮೊದಲೇ ಹೇಳಿ ಬುಕ್ ಮಾಡಿದರೆ ಲಗೇಜ್ ದರದ ಒಂದೂವರೆ ಪಟ್ಟು. ಹೇಳದೆ ಸಿಕ್ಕಿಬಿದ್ದರೆ ಆರು ಪಟ್ಟು. ಗಂಡ-ಹೆಂಡತಿ ಇಬ್ಬರು ಸ್ಲೀಪರಿನಲ್ಲಿ ಹೊರಟರೆ 80 ಕಿಲೋ ಆಗುತ್ತದೆ. ಒಂದು ಮೂಟೆ ಕುಚ್ಚಲಕ್ಕಿ, ಇಪ್ಪತ್ತು ತೆಂಗಿನಕಾಯಿ, ಒಂದು ಹಲಸು, ಉಪ್ಪಿನಕಾಯಿ ಭರಣಿ, ಬಟ್ಟೆಬರೆ ಎಲ್ಲ ಸೇರಿದರೂ ದಾಟುವುದು ಕಷ್ಟ. ಆದ್ದರಿಂದ ಮತ್ಸ್ಯಗಂಧದಲ್ಲಿ ಜಗಳವಾಗುವುದು ತೂಕಕ್ಕಲ್ಲ, ಜಾಗಕ್ಕೆ. ಸೀಟಿನ ಕೆಳಗೆ ಮೊದಲು ಗೋಣಿ ತುರುಕಿದವನೇ ರಾಜ. ಅದಕ್ಕೆ ಯಾವ ಪುಸ್ತಕದಲ್ಲೂ ನಿಯಮವಿಲ್ಲ.

ಈಗ ಸೈಕಲ್. ನಮ್ಮ ಹೋಟೆಲಿನವರ ತರ್ಕ ಸರಳವಾಗಿತ್ತು. "ನನ್ನ ಹತ್ರ ಒಂದು ಬ್ಯಾಗು ಬಿಟ್ಟರೆ ಏನಿಲ್ಲ. ನಲವತ್ತು ಕಿಲೋ ಫ್ರೀ. ಸೈಕಲ್ ಇಪ್ಪತ್ತು ಕಿಲೋ ಬಂದೀತು. ದುಡ್ಡು ಯಾಕೆ?" ಗುಮಾಸ್ತ ತಲೆ ಎತ್ತದೆ ಉತ್ತರ ಕೊಟ್ಟ. ಸೈಕಲ್ಲಿಗೂ ಸ್ಕೂಟರಿಗೂ ಉಚಿತ ಮಿತಿ ಅನ್ವಯಿಸುವುದಿಲ್ಲ. ನೀವು ಬರಿಗೈಲಿ ಹೊರಟರೂ ಸೈಕಲ್ಲಿಗೆ ದುಡ್ಡು ಕೊಡಲೇಬೇಕು. ಅದು ಬೋಗಿಯೊಳಗೆ ಬರುವಂತಿಲ್ಲ, ಬ್ರೇಕ್ ವ್ಯಾನಿಗೇ ಹೋಗಬೇಕು.

ಅಲ್ಲಿ ಎರಡು ದಾರಿಗಳಿವೆ. ನಿಮ್ಮ ಕೈಯಲ್ಲಿ ಅದೇ ರೈಲಿನ ಟಿಕೆಟ್ ಇದ್ದರೆ 'ಲಗೇಜ್' ಎಂದು ಬುಕ್ ಮಾಡಬಹುದು. ಆಗ ಸಾಮಾನು ನಿಮ್ಮ ಜೊತೆ ಅದೇ ಗಾಡಿಯಲ್ಲಿ ಬರಬೇಕು. ಟಿಕೆಟ್ ಇಲ್ಲದಿದ್ದರೆ, ಅಥವಾ ಸಾಮಾನು ಹಿಂದಿನಿಂದ ಬಂದರೂ ಪರವಾಗಿಲ್ಲ ಎನ್ನುವುದಾದರೆ 'ಪಾರ್ಸೆಲ್'. ದರ ಬೇರೆ, ಗಾಡಿಯೂ ಬೇರೆಯಾಗಬಹುದು. ಲಗೇಜಾದರೆ ಗಾಡಿ ಹೊರಡುವುದಕ್ಕೆ ಕನಿಷ್ಠ ಅರ್ಧ ಗಂಟೆ ಮೊದಲು ಸಾಮಾನು ಆಫೀಸಿಗೆ ಮುಟ್ಟಿರಬೇಕು ಎಂದು ನಿಯಮ ಹೇಳುತ್ತದೆ. ನನ್ನ ಮಾತು ಕೇಳಿದರೆ ಮೂರು ತಾಸು ಮೊದಲು ಹೋಗಿ.

ಯಾಕೆಂದರೆ ಬ್ರೇಕ್ ವ್ಯಾನ್ ಎಂದು ನಾವು ಕರೆಯುವ ಆ ಡಬ್ಬಿಯೊಳಗೆ ಇರುವ ಜಾಗವೆಲ್ಲ ನಮ್ಮದಲ್ಲ. ಗಾಡಿಯ ಮುಂದೆ-ಹಿಂದೆ ಇರುವ ಈ ಎಸ್.ಎಲ್.ಆರ್. ಡಬ್ಬಿಗಳಲ್ಲಿ ಸ್ವಲ್ಪ ಭಾಗ ಗಾರ್ಡಿಗೆ, ಸ್ವಲ್ಪ ಪ್ರಯಾಣಿಕರಿಗೆ, ಉಳಿದದ್ದು ಸಾಮಾನಿಗೆ. ಆ ಸಾಮಾನಿನ ಜಾಗದಲ್ಲಿ ಬಹುಪಾಲನ್ನು ರೈಲ್ವೆ ಖಾಸಗಿ ಗುತ್ತಿಗೆದಾರರಿಗೆ ಕೊಟ್ಟಿರುತ್ತದೆ. ಮೀನು, ಬಟ್ಟೆ, ಔಷಧಿ, ಬಿಡಿಭಾಗ ಎಲ್ಲ ಅವರದ್ದು. ಉಳಿದ ಮೂಲೆಯಲ್ಲಿ ನಮ್ಮ ಸೈಕಲ್ಲಿಗೆ ಜಾಗ ಸಿಗಬೇಕು. "ಆಜ್ ಜಗಾ ನಹೀಂ" ಎಂದು ಗುಮಾಸ್ತ ಹೇಳಿದರೆ ಅದು ಯಾವಾಗಲೂ ಸುಳ್ಳಲ್ಲ. ವಂದೇ ಭಾರತಕ್ಕೆ ಈ ಡಬ್ಬಿಯೇ ಇಲ್ಲ. ಮುಂಬಯಿಯಿಂದ ಮಡಗಾಂವ್, ಮಡಗಾಂವಿನಿಂದ ಮಂಗಳೂರು ಎಂದು ಈಗ ಎರಡು ವಂದೇ ಭಾರತ್ ಹತ್ತಿ ಊರು ಸೇರುವವರಿದ್ದಾರೆ. ಅವರು ಸೈಕಲ್ಲಿನ ಆಸೆ ಬಿಡಬೇಕು.

ಇನ್ನೊಂದು ತೊಡಕು ನಮ್ಮ ಕರಾವಳಿಯವರಿಗೆ ವಿಶೇಷ. ಗುಮಾಸ್ತ ಕೇಳಿದ, "ಯಾವ ಸ್ಟೇಶನ್?" ಇವರು ಹೇಳಿದರು. "ಎಷ್ಟು ನಿಮಿಷ ನಿಲ್ಲುತ್ತದೆ?" "ಎರಡು." "ಎರಡು ನಿಮಿಷದಲ್ಲಿ ಯಾರು ಇಳಿಸುತ್ತಾರೆ?" ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಗಾಡಿ ಹೆಚ್ಚು ಹೊತ್ತು ನಿಲ್ಲುವ ಅಥವಾ ಕೊನೆಗೊಳ್ಳುವ ನಿಲ್ದಾಣಕ್ಕೆ ಬುಕ್ ಮಾಡಿ, ಅಲ್ಲಿಂದ ನೀವು ತಂದುಕೊಳ್ಳಿ ಎಂದ. ಹಾಗೆ ಕೊನೆಯ ನಿಲ್ದಾಣಕ್ಕೆ, ಪಾರ್ಸೆಲ್ ಎಂದು ಬುಕ್ಕಾಯಿತು.

ಹೊರಗೆ ಪ್ಯಾಕಿಂಗ್ ಮಾಡುವ ಹುಡುಗರಿದ್ದರು. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಗೋಣಿ ಸುತ್ತಿ, ಸುತಲಿಯಿಂದ ಬಿಗಿದರು. ಗೋಣಿಯ ಮೇಲೆ ಹೆಸರು, ಊರು, ಫೋನ್ ನಂಬರು ದಪ್ಪ ಮಾರ್ಕರಿನಲ್ಲಿ ಬರೆದದ್ದಲ್ಲದೆ, ಒಂದು ರಟ್ಟಿನ ತುಂಡಿನ ಮೇಲೂ ಬರೆದು ಫ್ರೇಮಿಗೆ ಕಟ್ಟಿದರು. ಗೋಣಿ ಹರಿದರೆ ಒಳಗಿನ ರಟ್ಟು ಉಳಿಯಲಿ ಎಂದು. ಈ ಬುದ್ಧಿ ಯಾವ ಸುತ್ತೋಲೆಯಲ್ಲೂ ಇಲ್ಲ, ಮುಂದೆ ನಮ್ಮನ್ನು ಕಾಪಾಡಿದ್ದು ಇದೇ.

ಮೋಟಾರ್ ಸೈಕಲ್ ಕಳಿಸುವವರಿಗೂ ಇದೇ ದಾರಿ. ಪುಣೆ, ಹೈದರಾಬಾದಿಗೆ ಕೆಲಸಕ್ಕೆ ಬರುವ ಹುಡುಗರು ಬೈಕನ್ನು ಹೀಗೇ ತರಿಸಿಕೊಳ್ಳುತ್ತಾರೆ. ಆರ್.ಸಿ. ಪ್ರತಿ, ಗುರುತಿನ ಚೀಟಿ ಬೇಕು, ಟ್ಯಾಂಕಿನಲ್ಲಿ ಪೆಟ್ರೋಲ್ ಇರಬಾರದು. ಕಡೆಯ ತೊಟ್ಟಿನವರೆಗೂ ಖಾಲಿ ಮಾಡಿ. ಇದರಲ್ಲಿ ಚೌಕಾಶಿ ಬೇಡ. ಬೆಂಕಿ ಹತ್ತುವ ಸಾಮಾನಿನ ವಿಷಯದಲ್ಲಿ ನಾನು ರೈಲ್ವೆಯ ಪಕ್ಷ. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೆಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಯೊಂದಕ್ಕೆ ಬೆಂಕಿ ಬಿತ್ತು. ಯಾರೋ ಅಡುಗೆಗೆಂದು ಗ್ಯಾಸ್ ಸಿಲಿಂಡರ್ ತಂದಿದ್ದರು. ಒಂಬತ್ತು ಜನ ಸತ್ತರು. ಸಿಲಿಂಡರ್, ಸೀಮೆಎಣ್ಣೆ, ಪಟಾಕಿ, ಆಸಿಡ್ ಒಯ್ದರೆ 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಲ್ಲಿ ಮೂರು ವರ್ಷದ ತನಕ ಜೈಲು. ದೀಪಾವಳಿಗೆ ಊರಿಗೆ ಹೋಗುವಾಗ ಮಕ್ಕಳ ಚೀಲದಲ್ಲಿ ಎರಡು ಪೆಟ್ಟಿಗೆ ಪಟಾಕಿ ಅಡಗಿಸುವ ಅಪ್ಪಂದಿರು ನಮ್ಮಲ್ಲೂ ಇದ್ದಾರೆ. ಅವರು ಇದನ್ನು ಎರಡು ಸಲ ಓದಲಿ.

ಇನ್ನು ದಿನದ ಪ್ರಯಾಣದ ರೈಲುಗಳು. ಮುಂಬಯಿ ಲೋಕಲಿನಲ್ಲಿ ಸಾಮಾನಿಗೆಂದೇ ಲಗೇಜ್ ಡಬ್ಬಿಗಳಿವೆ. ಸೀಟು ಕಡಿಮೆ, ನೆಲವೆಲ್ಲ ಖಾಲಿ. ಬೆಳಗಿನ ಹೊತ್ತು ಅದನ್ನು ಒಮ್ಮೆ ಹತ್ತಿ ನೋಡಬೇಕು (ಸಾಮಾನಿಲ್ಲದೆ ಹತ್ತಿದರೆ ದಂಡ ಬೀಳುತ್ತದೆ, ಒಂದು ಕುಂಬಳಕಾಯಿಯಾದರೂ ಹಿಡಿದುಕೊಳ್ಳಿ). ವಸಾಯಿ-ವಿರಾರ್ ಕಡೆಯ ತರಕಾರಿ, ದಾದರಿನ ಹೂವು, ಕೋಳಿ ಹೆಂಗಸರ ಮೀನಿನ ಬುಟ್ಟಿ. ಹತ್ತು ಗಂಟೆಯ ಹೊತ್ತಿಗೆ ಡಬ್ಬಾವಾಲಾಗಳ ಉದ್ದನೆಯ ಮರದ ಹಲಗೆ ತುಂಬ ಊಟದ ಡಬ್ಬಿ. 1890ರಿಂದ ನಡೆದುಬಂದ ಆ ವ್ಯವಸ್ಥೆಗೆ ಸೈಕಲ್ ರಸ್ತೆಯಲ್ಲಿ, ರೈಲು ನಡುವೆ. ಮನೆಯ ಬಾಗಿಲಿನಿಂದ ಸ್ಟೇಶನ್ನಿಗೆ ಒಂದು ಸೈಕಲ್, ಸ್ಟೇಶನ್ನಿನಿಂದ ಆಫೀಸಿಗೆ ಇನ್ನೊಂದು. ಸೈಕಲ್ಲನ್ನೇ ರೈಲಿಗೆ ಏರಿಸಬೇಕೆಂಬ ಗೋಜಿಗೆ ಅವರು ಹೋಗಲಿಲ್ಲ.

ಈಗ ಹಿರಿಯ ನಾಗರಿಕರಿಗಾಗಿ ಈ ಲಗೇಜ್ ಡಬ್ಬಿಗಳಲ್ಲೊಂದನ್ನು ಬಿಟ್ಟುಕೊಡುವ ಏರ್ಪಾಡು ಆಗಿದೆ. ವಿಷಯ ಬಾಂಬೆ ಹೈಕೋರ್ಟಿನ ತನಕ ಹೋಗಿತ್ತು. ನನಗೂ ಇನ್ನು ಕೆಲವೇ ವರ್ಷದಲ್ಲಿ ಆ ಸೀಟು ಸಿಗುತ್ತದೆ, ಸಂತೋಷವೇ. ಆದರೆ ಮೀನಿನ ಬುಟ್ಟಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಬುಟ್ಟಿ ಹೊತ್ತವರಲ್ಲೂ ಅರವತ್ತು ದಾಟಿದವರು ಎಷ್ಟೋ ಜನ.

ಮೆಟ್ರೋಗಳ ಬುದ್ಧಿ ಊರಿಗೊಂದು. ಮುಂಬಯಿಯ 2ಎ ಮತ್ತು 7ನೇ ಮಾರ್ಗಗಳಲ್ಲಿ ಸೈಕಲ್ ಒಯ್ಯಲು ಬಿಡುತ್ತಾರೆ, ಡಬ್ಬಿಯೊಳಗೆ ನಿಲ್ಲಿಸುವ ಸ್ಟ್ಯಾಂಡ್ ಕೂಡ ಇದೆ. ಪುಣೆ ಮೆಟ್ರೋದಲ್ಲೂ ಬಿಡುತ್ತಾರೆ. ಕೊಚ್ಚಿಯಲ್ಲಿ 2020ರಿಂದಲೇ ಇದೆ. ನಮ್ಮ ಬೆಂಗಳೂರಿನಲ್ಲಿ ಮಡಿಚುವ ಸೈಕಲ್ಲಿಗೆ ಮಾತ್ರ ಅವಕಾಶ, ಅದೂ ಕೊನೆಯ ಡಬ್ಬಿಯಲ್ಲಿ. ಅಲ್ಲಿ ಬ್ಯಾಗಿನ ಮಿತಿ 60, 45, 25 ಸೆಂಟಿಮೀಟರ್, ತೂಕ 15 ಕಿಲೋ. ಮಡಿಚುವ ಸೈಕಲ್ ಕೊಳ್ಳುವವನು ಯಾರು ಎಂದು ಯೋಚಿಸಿ. ಹಾಲು ಹಾಕುವವನಲ್ಲ, ಪೇಪರ್ ಹಾಕುವವನೂ ಅಲ್ಲ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತು ಬಂದ ರೈತರೊಬ್ಬರನ್ನು ಒಳಗೆ ಬಿಡದೆ ತಡೆದ ವೀಡಿಯೋ ನಾವೆಲ್ಲ ನೋಡಿದ್ದೇವೆ. ಗಂಟಿನಲ್ಲಿ ಇದ್ದದ್ದು ಬಟ್ಟೆ. ಅವರ ಕೈಯಲ್ಲಿ ಟಿಕೆಟ್ ಇತ್ತು. ಉಳಿದ ಪ್ರಯಾಣಿಕರು ಅವರ ಪರ ಜಗಳವಾಡಿದರು, ತಡೆದವರ ಮೇಲೆ ಕ್ರಮವೂ ಆಯಿತು. ಅದೇ ಬಟ್ಟೆ ಟ್ರಾಲಿ ಬ್ಯಾಗಿನಲ್ಲಿದ್ದಿದ್ದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಅಳತೆಪಟ್ಟಿ ಹಿಡಿದು ಎಲ್ಲರನ್ನೂ ಒಂದೇ ರೀತಿ ಅಳೆದರೆ ನನಗೆ ತಕರಾರಿಲ್ಲ.

ಸೈಕಲ್ಲಿಗೆ ಮರಳುತ್ತೇನೆ. ಫಾರ್ಮಿನಲ್ಲಿ ಸಾಮಾನಿನ ಬೆಲೆ ಬರೆಯಲು ಒಂದು ಜಾಗವಿದೆ. ಗುಮಾಸ್ತ ಅದನ್ನು ತೋರಿಸಲಿಲ್ಲ, ನಾವೂ ತುಂಬಲಿಲ್ಲ. ನನ್ನ ತಪ್ಪು ಇಲ್ಲಿದೆ. ಬೆಲೆ ಘೋಷಿಸಿ, ಅದಕ್ಕೆ ಶೇಕಡಾವಾರು ಶುಲ್ಕ ಕಟ್ಟಿದರೆ ಕಳೆದುಹೋದಾಗ ಆ ಬೆಲೆಯ ತನಕ ಕೇಳಬಹುದು. ಖಾಲಿ ಬಿಟ್ಟರೆ ರೈಲ್ವೆಯ ಹೊಣೆ ಲಗೇಜಾದರೆ ಕಿಲೋಗೆ ನೂರು ರೂಪಾಯಿಗೆ, ಪಾರ್ಸೆಲಾದರೆ ಐವತ್ತಕ್ಕೆ ನಿಲ್ಲುತ್ತದೆ. ನಿಮ್ಮದು ಸೈಕಲ್ಲೇ ಆಗಲಿ, ವೀಣೆಯೇ ಆಗಲಿ, ತೂಕದ ಲೆಕ್ಕ. ಬುಕ್ ಮಾಡದೆ ಕೈಯಲ್ಲೇ ಒಯ್ದ ಸಾಮಾನು ಕಳೆದರೆ ಇದೂ ಇಲ್ಲ. ರೈಲ್ವೆ ನೌಕರರ ನಿರ್ಲಕ್ಷ್ಯದಿಂದಲೇ ಹೋಯಿತು ಎಂದು ನೀವು ಸಾಬೀತು ಮಾಡಬೇಕು. ಪರಿಹಾರದ ನೋಟೀಸನ್ನು ಬುಕ್ ಮಾಡಿದ ಆರು ತಿಂಗಳೊಳಗೆ ಕೊಡಬೇಕು, ಆ ರಸೀದಿಯ ಪ್ರತಿಯೊಂದಿಗೆ. ಹಾಗಾಗಿ ರಸೀದಿಯ ಫೋಟೋ ಅಲ್ಲೇ ತೆಗೆದುಕೊಳ್ಳಿ. ಆ ಕಾಗದದ ಶಾಯಿ ಮಳೆಗಾಲವನ್ನು ತಡೆಯುವುದಿಲ್ಲ.

ಅವರು ಮರುದಿನ ಊರು ಸೇರಿದರು. ಸೈಕಲ್ ಸೇರಲಿಲ್ಲ. ಮೂರನೆಯ ದಿನ ಫೋನ್ ಬಂತು, ನಾಲ್ಕನೆಯ ದಿನವೂ ಬಂತು. ಬುಕ್ ಮಾಡಿದ ಕಡೆ ಕೇಳಿದರೆ "ಕಳಿಸಿದ್ದೇವೆ" ಎಂದರು, ಇಳಿಯಬೇಕಾದ ಕಡೆ ಕೇಳಿದರೆ "ಬಂದಿಲ್ಲ" ಎಂದರು. ಎರಡೂ ಕಡೆಯವರು ಸಭ್ಯವಾಗಿಯೇ ಮಾತಾಡಿದರು, ಅದರಿಂದ ಸೈಕಲ್ ಬರಲಿಲ್ಲ ಅಷ್ಟೇ. ಆರನೆಯ ದಿನ ಅವರಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಎಲ್ಲೋ ಮಧ್ಯದ ನಿಲ್ದಾಣವೊಂದರಲ್ಲಿ ಬೇರೆ ಸಾಮಾನಿನ ಜೊತೆ ಇಳಿಸಿಬಿಟ್ಟಿದ್ದರು. ಗೋಣಿ ಹರಿದು ಅರ್ಧ ಹೋಗಿತ್ತು. ಅಲ್ಲಿನ ಹಮಾಲಿಯೊಬ್ಬ ಫ್ರೇಮಿಗೆ ಕಟ್ಟಿದ್ದ ರಟ್ಟಿನ ಮೇಲಿನ ನಂಬರು ನೋಡಿ ತನ್ನ ಫೋನಿನಿಂದ ಕರೆ ಮಾಡಿದ್ದ. ಎಂಟನೆಯ ದಿನ ಸೈಕಲ್ ಕೊನೆಯ ನಿಲ್ದಾಣ ಮುಟ್ಟಿತು. ಇವರು ಹೋಗಿ ಬಿಡಿಸಿಕೊಂಡರು. ಮುಂದಿನ ಮಡ್‌ಗಾರ್ಡ್ ಬಗ್ಗಿತ್ತು, ಎರಡು ಕಡ್ಡಿ ಮುರಿದಿದ್ದವು.

ಪರಿಹಾರ ಕೇಳೋಣ, ನಾನು ಅರ್ಜಿ ಬರೆದುಕೊಡುತ್ತೇನೆ ಎಂದೆ. ಅವರು ಬಾಯಿಲೆಕ್ಕ ಮಾಡಿದರು. ಇಪ್ಪತ್ತು ಕಿಲೋ, ಕಿಲೋಗೆ ಐವತ್ತು, ಒಂದು ಸಾವಿರ. "ಗುಜರಿಯವ ನಾನೂರು ಹೇಳಿದ್ದಲ್ಲ ಮಾರಾಯ್ರೆ. ಪೂರ್ತಿ ಕಳೆದುಹೋಗಿದ್ದರೆ ಲಾಭ ಇತ್ತು" ಎಂದು ನಕ್ಕರು. ಅರ್ಜಿ ಬೇಡವೆಂದರು. ಆ ಹಮಾಲಿಯ ನಂಬರನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಈಗ ದಿನಾ ಬೆಳಿಗ್ಗೆ ಅದೇ ಸೈಕಲ್ಲಿನ ಹ್ಯಾಂಡಲಿಗೆ ಕ್ಯಾನ್ ನೇತುಹಾಕಿಕೊಂಡು ಡೇರಿಗೆ ಹಾಲು ಕೊಟ್ಟು ಬರುತ್ತಾರೆ. ಬೆಲ್ಲು ದಾರಿಯಲ್ಲೆಲ್ಲೋ ಬಿದ್ದುಹೋಗಿದೆ. ಊರಿನ ಅಂಗಡಿಯಲ್ಲಿ ಸಿಗುವ ಬೆಲ್ಲಿನ ಸದ್ದು ಅವರಿಗೆ ಹಿಡಿಸಿಲ್ಲ. ಗಣಪತಿ ಹಬ್ಬಕ್ಕೆ ಬರುವಾಗ ಮುಂಬಯಿಯಿಂದ ಒಂದು ತನ್ನಿ ಎಂದಿದ್ದಾರೆ. ತಂದು ಬ್ಯಾಗಿನಲ್ಲಿ ಹಾಕಿಟ್ಟಿದ್ದೇನೆ. ತೂಕ ನೂರೈವತ್ತು ಗ್ರಾಂ.